‘ಚಾರ್ಜ್’ ಎಂಬ ಹೊರೆ

ತಮಗೆ ಇಂಗ್ಲಿಷ್ ಬಾರದು ಎನ್ನುವವರ ಮನೆಯಲ್ಲೂ ದಿನಕ್ಕೆ ಹತ್ತು ಬಾರಿ ಕೇಳಿಬರುವ ಇಂಗ್ಲಿಷ್ ಪದಗಳಲ್ಲಿ ‘ಚಾರ್ಜ್’ ಒಂದು. ಬೆಳಗ್ಗೆ ಮಗ ಮೊಬೈಲ್ ಎತ್ತಿಕೊಂಡು ‘ಚಾರ್ಜ್ ಇಲ್ಲ’ ಎನ್ನುತ್ತಾನೆ. ಆಟೋದವನು ‘ಈಗ ಚಾರ್ಜ್ ಜಾಸ್ತಿಯಾಗಿದೆ’ ಎನ್ನುತ್ತಾನೆ. ಶಾಲೆಗೆ ಹೋದರೆ ‘ಹೆಡ್‌ಮಾಸ್ಟರ್ ಹುದ್ದೆ ಖಾಲಿ ಇದೆ, ಇನ್‌ಚಾರ್ಜ್ ಟೀಚರನ್ನು ಕಾಣಿರಿ’ ಎಂಬ ಉತ್ತರ ಸಿಗುತ್ತದೆ. ಪತ್ರಿಕೆಯ ಒಂದು ಪುಟದಲ್ಲಿ ‘ಲಾಠಿ ಚಾರ್ಜ್’, ಇನ್ನೊಂದು ಪುಟದಲ್ಲಿ ‘ಚಾರ್ಜ್‌ಶೀಟ್ ಸಲ್ಲಿಕೆ’. ಸಂಜೆ ಆಸ್ಪತ್ರೆಯಿಂದ ಸುದ್ದಿ ಬರುತ್ತದೆ: ‘ನಾಳೆ ಡಿಸ್‌ಚಾರ್ಜ್ ಅಂತೆ.’

ವಿದ್ಯುತ್ತು, ಹಣ, ಹುದ್ದೆ, ಏಟು, ಆರೋಪ, ಬಿಡುಗಡೆ. ಒಂದಕ್ಕೊಂದು ಸಂಬಂಧವೇ ಇಲ್ಲದಂತೆ ಕಾಣುವ ಇಷ್ಟೆಲ್ಲ ಅರ್ಥಗಳು ಒಂದೇ ಪದದೊಳಗೆ ಹೇಗೆ ಬಂದವು? ದೊಡ್ಡ ನಿಘಂಟು ತೆರೆದರೆ ಈ ಪದಕ್ಕೆ ಸಂಖ್ಯೆ ಹಾಕಿ ಹತ್ತಾರು ಅರ್ಥಗಳನ್ನು ಕೊಟ್ಟಿರುತ್ತಾರೆ. ಅದನ್ನು ನೋಡಿಯೇ ಮಕ್ಕಳು ಪುಸ್ತಕ ಮುಚ್ಚುತ್ತಾರೆ. ಅಷ್ಟನ್ನೂ ಬಾಯಿಪಾಠ ಮಾಡುವುದು ಯಾರಿಂದಲೂ ಆಗದು, ಮಾಡಬೇಕಾಗಿಯೂ ಇಲ್ಲ. ಈ ಎಲ್ಲ ಅರ್ಥಗಳ ಹಿಂದೆ ಒಂದೇ ಒಂದು ಚಿತ್ರವಿದೆ. ಆ ಚಿತ್ರವನ್ನು ಹಿಡಿದುಕೊಂಡರೆ ಸಾಕು.

ಗಾಡಿಯಿಂದ ಹೊರಟ ಪದ

ಆ ಚಿತ್ರ ಒಂದು ಗಾಡಿಯದು. ಲ್ಯಾಟಿನ್ ಭಾಷೆಯಲ್ಲಿ ‘ಕರ್ರುಸ್’ ಎಂದರೆ ಚಕ್ರದ ಬಂಡಿ. ರೋಮನ್ನರು ಈ ಪದವನ್ನು ನೆರೆಯ ಗಾಲ್ ಜನರಿಂದ ಪಡೆದರು. ಬಂಡಿಗೆ ಸರಕು ಹೇರುವುದಕ್ಕೆ ‘ಕರಿಕಾರೆ’ ಎಂಬ ಕ್ರಿಯಾಪದ ಹುಟ್ಟಿತು. ಅದು ಹಳೆಯ ಫ್ರೆಂಚಿನಲ್ಲಿ ‘ಚಾರ್ಜರ್’ ಆಯಿತು. ಫ್ರೆಂಚ್ ಮಾತಾಡುವ ನಾರ್ಮನ್ನರು 1066ರಲ್ಲಿ ಇಂಗ್ಲೆಂಡನ್ನು ಗೆದ್ದ ಮೇಲೆ ಸಾವಿರಾರು ಫ್ರೆಂಚ್ ಪದಗಳು ಇಂಗ್ಲಿಷಿಗೆ ಬಂದವು. ಅವುಗಳ ಸಾಲಿನಲ್ಲಿ ‘ಚಾರ್ಜ್’ ಕೂಡ ಬಂತು. ಆರಂಭದಲ್ಲಿ ಅದರ ಅರ್ಥ ಬಹಳ ಸರಳ: ಹೊರೆ, ಹೇರು.

ಇದೇ ಬಂಡಿಯಿಂದ ಇಳಿದ ಬೇರೆ ಪದಗಳನ್ನೂ ನೀವು ಬಲ್ಲಿರಿ. ‘ಕಾರ್’ ಅದೇ ಬಂಡಿ. ‘ಕ್ಯಾರಿ’ ಎಂದರೆ ಹೊತ್ತೊಯ್ಯುವುದು. ಹಡಗಿನ ಸರಕಿಗೆ ಹೇಳುವ ‘ಕಾರ್ಗೊ’ ಸ್ಪೇನಿನ ದಾರಿಯಿಂದ ಬಂತು. ವ್ಯಂಗ್ಯಚಿತ್ರಕ್ಕೆ ಹೇಳುವ ‘ಕ್ಯಾರಿಕೇಚರ್’ ಇಟಲಿಯ ದಾರಿಯಿಂದ ಬಂತು. ಮೂಗನ್ನೋ ಕಿವಿಯನ್ನೋ ಬೇಕೆಂದೇ ದೊಡ್ಡದು ಮಾಡಿ, ಮುಖದ ಮೇಲೆ ಅತಿಯಾಗಿ ಹೇರಿ ಬರೆದ ಚಿತ್ರವೆಂದು ಅದಕ್ಕೆ ಆ ಹೆಸರು.

ಹೀಗೆ ‘ಚಾರ್ಜ್’ ಎಂಬ ಪದ ಎಲ್ಲಿ ಕಂಡರೂ ಮೂರು ಪ್ರಶ್ನೆ ಕೇಳಿಕೊಳ್ಳಿ. ಹೊರೆ ಯಾವುದು? ಹೊರಿಸಿದವರು ಯಾರು? ಹೊತ್ತವರು ಯಾರು? ಈ ಮೂರಕ್ಕೆ ಉತ್ತರ ಸಿಕ್ಕರೆ ಅರ್ಥ ತಾನಾಗಿಯೇ ಬಿಚ್ಚಿಕೊಳ್ಳುತ್ತದೆ.

ಕೀಲಿಕೈ ನಮ್ಮ ಬಳಿಯೇ ಇದೆ

ಕನ್ನಡ ಬಲ್ಲವರಿಗೆ ಇದು ಇನ್ನೂ ಸುಲಭ. ನಾವೂ ಇದೇ ಚಿತ್ರವನ್ನು ಬಳಸುತ್ತೇವೆ, ಆದರೆ ಗಮನಿಸಿರುವುದಿಲ್ಲ. ತೆರಿಗೆಯನ್ನು ‘ಹೇರುತ್ತೇವೆ’. ಆರೋಪವನ್ನು ‘ಹೊರಿಸುತ್ತೇವೆ’. ಹೊಣೆಯನ್ನು ‘ಹೊರುತ್ತೇವೆ’. ಅಧಿಕಾರವನ್ನು ‘ವಹಿಸಿಕೊಳ್ಳುತ್ತೇವೆ’. ವಾಹನ, ವಾಹಕ ಎಂಬ ಪದಗಳಲ್ಲಿರುವ ‘ಹೊರು’ ಎಂಬ ಅರ್ಥವೇ ‘ವಹಿಸು’ ಎಂಬುದರಲ್ಲಿಯೂ ಇದೆ. ಖಾಯಂ ಅಧಿಕಾರಿ ಇಲ್ಲದಾಗ ಕೆಲಸ ನೋಡಿಕೊಳ್ಳುವವರು ‘ಪ್ರಭಾರ’ ಪ್ರಾಂಶುಪಾಲರು. ಜಮೀನಿನ ಮೇಲಿನ ಸಾಲವನ್ನು ತೋರಿಸುವ ಕಾಗದ ‘ಋಣಭಾರ’ ಪತ್ರ. ಈ ಎರಡರಲ್ಲೂ ‘ಭಾರ’ ಕುಳಿತಿದೆ. ಸಂಸ್ಕೃತದ ‘ಆರೋಪ’ ಎಂಬ ಪದದ ಮೂಲ ಅರ್ಥವೂ ಮೇಲೆ ಇರಿಸುವುದು, ಏರಿಸುವುದು ಎಂದೇ.

ಅರಬಿ, ಉರ್ದು ಬಲ್ಲ ಓದುಗರಿಗೆ ಇನ್ನೊಂದು ಉದಾಹರಣೆ ಕೊಡುತ್ತೇನೆ. ‘ಹ-ಮ-ಲ’ ಎಂಬ ಅರಬಿ ಧಾತುವಿಗೆ ಹೊರುವುದು ಎಂದರ್ಥ. ಮಂಡಿಯಲ್ಲಿ ಮೂಟೆ ಹೊರುವ ‘ಹಮಾಲ’ ಎಂಬ ಪದ ಕನ್ನಡಕ್ಕೆ ಬಂದದ್ದು ಅಲ್ಲಿಂದ. ಮಗುವನ್ನು ಹೊತ್ತ ತಾಯಿ ‘ಹಾಮಿಲಾ’. ಕಷ್ಟವನ್ನು ಸದ್ದಿಲ್ಲದೆ ಹೊರುವ ಗುಣ ‘ತಹಮ್ಮುಲ್’, ಅಂದರೆ ತಾಳ್ಮೆ. ಶತ್ರುವಿನ ಮೇಲೆ ಎರಗುವುದು ‘ಹಮ್ಲಾ’, ಅಂದರೆ ದಾಳಿ. ಹೊರೆ ಮತ್ತು ದಾಳಿ ಎರಡನ್ನೂ ಒಂದೇ ಧಾತು ಹೇಳುತ್ತದೆ! ಇಂಗ್ಲಿಷಿನ ‘ಚಾರ್ಜ್’ ಕೂಡ ಅದನ್ನೇ ಮಾಡಿದೆ. ಇವೆರಡೂ ಒಂದರಿಂದ ಒಂದು ಹುಟ್ಟಿದ ಭಾಷೆಗಳಲ್ಲ. ಆದರೆ ಮನುಷ್ಯನ ಯೋಚನೆ ಎಲ್ಲ ಕಡೆ ಒಂದೇ ದಾರಿಯಲ್ಲಿ ನಡೆಯುವುದುಂಟು.

ಹಣದ ಹೊರೆ

ಮೊದಲು ಹಣದ ಅರ್ಥವನ್ನು ನೋಡೋಣ. ಯಾರಾದರೂ ನಮಗೊಂದು ಸೇವೆ ಮಾಡಿದರೆ ಅದರ ಖರ್ಚಿನ ಹೊರೆ ನಮ್ಮ ಮೇಲೆ ಬೀಳುತ್ತದೆ. ಅದೇ ‘ಚಾರ್ಜ್’. ‘ಹೌ ಮಚ್ ಡು ಯೂ ಚಾರ್ಜ್ ಫಾರ್ ಸ್ಟಿಚಿಂಗ್?’ ಎಂದರೆ ಹೊಲಿಗೆಗೆ ಎಷ್ಟು ತೆಗೆದುಕೊಳ್ಳುತ್ತೀರಿ ಎಂದು. ‘ಫ್ರೀ ಆಫ್ ಚಾರ್ಜ್’ ಎಂದರೆ ಹೊರೆಯಿಲ್ಲದ್ದು, ಉಚಿತ.

ಇಲ್ಲಿ ನಾವು ಸಾಮಾನ್ಯವಾಗಿ ಮಾಡುವ ಒಂದು ಗೊಂದಲವಿದೆ. ‘ಬಸ್ ಚಾರ್ಜ್’, ‘ಆಟೋ ಚಾರ್ಜ್’, ‘ಡಾಕ್ಟರ್ ಚಾರ್ಜ್’ ಎಂದು ಎಲ್ಲದಕ್ಕೂ ಒಂದೇ ಪದ ಬಳಸುತ್ತೇವೆ. ಇಂಗ್ಲಿಷಿನಲ್ಲಿ ಇವು ಬೇರೆ ಬೇರೆ. ಪ್ರಯಾಣಕ್ಕೆ ಕೊಡುವುದು ‘ಫೇರ್’. ವೈದ್ಯರಿಗೆ, ವಕೀಲರಿಗೆ, ಶಾಲೆಗೆ ಕೊಡುವುದು ‘ಫೀ’. ಅಂಗಡಿಯ ಸಾಮಾನಿಗೆ ಕೊಡುವುದು ‘ಪ್ರೈಸ್’. ಮನೆಗೆ, ಕೋಣೆಗೆ ತಿಂಗಳ ಬಾಡಿಗೆ ‘ರೆಂಟ್’. ರಸ್ತೆ ದಾಟಲು ಕೊಡುವುದು ‘ಟೋಲ್’. ಒಂದು ಸೇವೆಗೆ ತಗಲುವ ವೆಚ್ಚ ‘ಚಾರ್ಜ್’. ಮನೆಮಾತಿನಲ್ಲಿ ಬಸ್ ಚಾರ್ಜ್ ಎಂದರೆ ತಪ್ಪೇನಿಲ್ಲ, ಎಲ್ಲರಿಗೂ ತಿಳಿಯುತ್ತದೆ. ಮಕ್ಕಳು ಪರೀಕ್ಷೆಯಲ್ಲಿ ಬರೆಯುವಾಗ ಮಾತ್ರ ‘ಬಸ್ ಫೇರ್’ ಎಂದು ಬರೆಯಲಿ.

ಇದೇ ಮನೆತನದ ಎರಡು ಪದಗಳು: ‘ಓವರ್‌ಚಾರ್ಜ್’ ಎಂದರೆ ನ್ಯಾಯವಾದುದಕ್ಕಿಂತ ಹೆಚ್ಚು ಹಣ ಕೀಳುವುದು. ‘ಸರ್‌ಚಾರ್ಜ್’ ಎಂದರೆ ಇರುವ ಹೊರೆಯ ಮೇಲೆ ಇನ್ನೊಂದು ಹೊರೆ, ಅಂದರೆ ಮೇಲ್ತೆರಿಗೆ ಅಥವಾ ಹೆಚ್ಚುವರಿ ಶುಲ್ಕ.

ಹೋಟೆಲ್ ಬಿಲ್ಲಿನಲ್ಲಿ ಕಾಣುವ ‘ಸರ್ವಿಸ್ ಚಾರ್ಜ್’ ಬಗ್ಗೆ ಒಂದು ಮಾತು. ಅನೇಕರು ಇದನ್ನು ಸರ್ಕಾರದ ತೆರಿಗೆ ಎಂದು ಭಾವಿಸಿ ಕೊಟ್ಟು ಬರುತ್ತಾರೆ. ತೆರಿಗೆ ಎಂದರೆ ಅಲ್ಲಿ ಬೇರೆಯಾಗಿ ನಮೂದಾಗುವ ಜಿಎಸ್‌ಟಿ. ಸರ್ವಿಸ್ ಚಾರ್ಜ್ ಹೋಟೆಲಿನವರು ತಾವಾಗಿ ಸೇರಿಸುವಂಥದ್ದು. ಅದನ್ನು ಗ್ರಾಹಕರ ಬಿಲ್ಲಿಗೆ ತಾವೇ ಸೇರಿಸುವಂತಿಲ್ಲ, ಕಡ್ಡಾಯ ಮಾಡುವಂತಿಲ್ಲ ಎಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರವು 2022ರ ಜುಲೈಯಲ್ಲಿ ಮಾರ್ಗಸೂಚಿ ಹೊರಡಿಸಿತು. ದೆಹಲಿ ಹೈಕೋರ್ಟ್ 2025ರ ಮಾರ್ಚಿನಲ್ಲಿ ಅದನ್ನು ಎತ್ತಿಹಿಡಿಯಿತು. ಇಲ್ಲಿ ಹೊರೆ ಯಾವುದು, ಹೊರಿಸಿದವರು ಯಾರು ಎಂಬ ಪ್ರಶ್ನೆ ಕೇಳಿದರೆ ಕೈಯ ಹಣವೇ ಉಳಿಯುತ್ತದೆ.

ಹೊಣೆಯ ಹೊರೆ

ಎರಡನೆಯದು ಜವಾಬ್ದಾರಿ. ‘ಟು ಟೇಕ್ ಚಾರ್ಜ್’ ಎಂದರೆ ಹೊಣೆ ವಹಿಸಿಕೊಳ್ಳುವುದು. ‘ಹ್ಯಾಂಡಿಂಗ್ ಓವರ್ ಚಾರ್ಜ್’ ಎಂದರೆ ವರ್ಗಾವಣೆಯಾದ ನೌಕರ ತನ್ನ ಹೊಣೆಯನ್ನು ಮತ್ತೊಬ್ಬರಿಗೆ ಒಪ್ಪಿಸುವುದು. ಜಿಲ್ಲೆಯ ‘ಇನ್‌ಚಾರ್ಜ್ ಮಿನಿಸ್ಟರ್’ ನಮ್ಮ ಪತ್ರಿಕೆಗಳಲ್ಲಿ ‘ಉಸ್ತುವಾರಿ ಸಚಿವ’ರಾಗುತ್ತಾರೆ. ವಿದೇಶದಲ್ಲಿ ರಾಯಭಾರಿ ಇಲ್ಲದಾಗ ಅವರ ಕೆಲಸ ನೋಡಿಕೊಳ್ಳುವ ಅಧಿಕಾರಿಗೆ ಫ್ರೆಂಚ್ ಮೂಲದ ‘ಶಾರ್ಜೆ ದಫೇರ್’ ಎಂಬ ಹೆಸರಿದೆ. ವ್ಯವಹಾರಗಳ ಹೊರೆ ಹೊತ್ತವರು ಎಂಬುದು ಅದರ ಅರ್ಥ.

ತರಗತಿಯಲ್ಲಿ ಒಮ್ಮೆ ಒಂದು ಕಥೆಯ ಸಾಲನ್ನು ಅನುವಾದಿಸಲು ಕೊಟ್ಟಿದ್ದೆ. ‘ದಿ ಆಯಾ ಟುಕ್ ಹರ್ ಟು ಚಾರ್ಜಸ್ ಟು ದ ಪಾರ್ಕ್.’ ಒಬ್ಬ ಹುಡುಗ ಎದ್ದು ನಿಂತು ಓದಿದ: ‘ಆಯಾ ತನ್ನ ಎರಡು ಶುಲ್ಕಗಳನ್ನು ಉದ್ಯಾನಕ್ಕೆ ಕರೆದೊಯ್ದಳು.’ ತರಗತಿ ಗೊಳ್ಳೆಂದು ನಕ್ಕಿತು. ಹುಡುಗ ತಲೆ ತಗ್ಗಿಸಿ, ‘ಉಸ್ತಾದರೇ, ನಿಘಂಟಿನಲ್ಲಿ ಹಾಗೇ ಇದೆ’ ಎಂದ. ನಿಜ, ನಿಘಂಟು ತೆರೆದು ನೋಡಿದವನು ಅವನೊಬ್ಬನೇ. ‘ಶುಲ್ಕವನ್ನು ಪಾರ್ಕಿಗೆ ಕರೆದುಕೊಂಡು ಹೋಗಲು ಆಗುತ್ತದೆಯೇ? ಆಯಾ ಯಾರ ಹೊಣೆ ಹೊತ್ತಿದ್ದಾಳೆ?’ ಎಂದು ಕೇಳಿದೆ. ‘ಮಕ್ಕಳದ್ದು’ ಎಂದ. ಅವನ ಮುಖ ಅರಳಿತು. ನಮ್ಮ ಆರೈಕೆಗೆ ಒಪ್ಪಿಸಲ್ಪಟ್ಟ ವ್ಯಕ್ತಿಯನ್ನೂ ಇಂಗ್ಲಿಷಿನಲ್ಲಿ ‘ಚಾರ್ಜ್’ ಎನ್ನುತ್ತಾರೆ. ದಾದಿಗೆ ಮಗು, ಪೋಷಕನಿಗೆ ಅನಾಥ, ಶಿಕ್ಷಕನಿಗೆ ವಿದ್ಯಾರ್ಥಿ.

ಇನ್ನೊಂದು ಸೂಕ್ಷ್ಮ. ‘ದ ನರ್ಸ್ ಈಸ್ ಇನ್ ಚಾರ್ಜ್ ಆಫ್ ದ ಚೈಲ್ಡ್’ ಎಂದರೆ ಮಗುವಿನ ಹೊಣೆ ದಾದಿಯದು. ‘ದ ಚೈಲ್ಡ್ ಈಸ್ ಇನ್ ದ ಚಾರ್ಜ್ ಆಫ್ ದ ನರ್ಸ್’ ಎಂದರೂ ಅದೇ. ಗಮನಿಸಿ, ಎರಡನೆಯ ವಾಕ್ಯದಲ್ಲಿ ಒಂದು ಸಣ್ಣ ‘ದ’ ಸೇರಿದೆ. ಅದು ಬಿಟ್ಟುಹೋದರೆ ದಾದಿಯನ್ನು ಮಗುವೇ ನೋಡಿಕೊಳ್ಳುತ್ತಿದೆ ಎಂದಾಗುತ್ತದೆ!

ಬಂದೂಕಿನಿಂದ ಮೊಬೈಲಿಗೆ

ಬಂಡಿಗೆ ಸರಕು ತುಂಬುವಂತೆ ಬಂದೂಕಿಗೆ, ಫಿರಂಗಿಗೆ ಮದ್ದು ತುಂಬುವುದಕ್ಕೂ ‘ಚಾರ್ಜ್’ ಎಂದರು. ಒಮ್ಮೆಗೆ ತುಂಬುವ ಮದ್ದಿನ ಪ್ರಮಾಣವೂ ‘ಚಾರ್ಜ್’ ಆಯಿತು. ಹೀಗೆ ಯುದ್ಧದ ಅಂಗಳಕ್ಕೆ ಬಂದ ಪದ ಹದಿನಾರನೆಯ ಶತಮಾನದ ಹೊತ್ತಿಗೆ ಶತ್ರುವಿನ ಮೇಲೆ ಭಾರವೆಲ್ಲ ಹಾಕಿ ನುಗ್ಗುವುದಕ್ಕೂ ಬಳಕೆಯಾಯಿತು. ಕ್ರಿಮಿಯಾ ಯುದ್ಧದಲ್ಲಿ, 1854ರ ಅಕ್ಟೋಬರ್ 25ರಂದು, ಬಾಲಕ್ಲಾವಾ ಎಂಬಲ್ಲಿ ಬ್ರಿಟಿಷ್ ಕುದುರೆ ಸವಾರರು ರಷ್ಯದ ಫಿರಂಗಿಗಳತ್ತ ನುಗ್ಗಿದ್ದು ‘ಚಾರ್ಜ್ ಆಫ್ ದ ಲೈಟ್ ಬ್ರಿಗೇಡ್’ ಎಂದು ಪ್ರಸಿದ್ಧ. ಗೂಳಿ ಕೊಂಬು ತಗ್ಗಿಸಿ ನುಗ್ಗಿದರೂ ‘ಚಾರ್ಜ್’. ಪೊಲೀಸರು ಗುಂಪಿನ ಮೇಲೆ ಲಾಠಿ ಹಿಡಿದು ನುಗ್ಗಿದರೆ ‘ಲಾಠಿ ಚಾರ್ಜ್’. ಈ ಕೊನೆಯ ಜೋಡಿ ಪದ ಹುಟ್ಟಿದ್ದು ನಮ್ಮ ಉಪಖಂಡದಲ್ಲಿಯೇ.

ಹಾಗಾದರೆ ವಿದ್ಯುತ್ತು? 1745-46ರ ಸುಮಾರಿಗೆ ಯುರೋಪಿನ ವಿಜ್ಞಾನಿಗಳು ‘ಲೈಡನ್ ಜಾಡಿ’ ಎಂಬ ಗಾಜಿನ ಪಾತ್ರೆಯಲ್ಲಿ ವಿದ್ಯುತ್ತನ್ನು ಕೂಡಿಡಲು ಕಲಿತರು. ಜಾಡಿಯನ್ನು ತುಂಬಬಹುದಿತ್ತು. ಮುಟ್ಟಿದರೆ ಬಂದೂಕು ಹಾರಿದಂತೆ ಒಮ್ಮೆಲೇ ಕಿಡಿ ಹಾರಿ ಖಾಲಿಯಾಗುತ್ತಿತ್ತು. ಆದ್ದರಿಂದ ತುಂಬುವುದು ‘ಚಾರ್ಜ್’ ಆಯಿತು, ಖಾಲಿಯಾಗುವುದು ‘ಡಿಸ್‌ಚಾರ್ಜ್’ ಆಯಿತು. ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ಇಂತಹ ಹಲವು ಜಾಡಿಗಳನ್ನು ಸಾಲಾಗಿ ಜೋಡಿಸಿದರು. ಸಾಲಾಗಿ ನಿಲ್ಲಿಸಿದ ಫಿರಂಗಿಗಳಿಗೆ ‘ಬ್ಯಾಟರಿ’ ಎಂಬ ಹೆಸರಿತ್ತು. 1749ರಲ್ಲಿ ಅವರು ಆ ಹೆಸರನ್ನೇ ತಮ್ಮ ಜಾಡಿಗಳ ಸಾಲಿಗೆ ಬಳಸಿದರು. ಇಂದು ನಮ್ಮ ಮೊಬೈಲಿನ ‘ಬ್ಯಾಟರಿ’ಯೂ ಅದಕ್ಕೆ ಮಾಡುವ ‘ಚಾರ್ಜ್’ ಕೂಡ ಫಿರಂಗಿಯ ಅಂಗಳದಿಂದ ಬಂದ ಪದಗಳು. ‘ರೀಚಾರ್ಜ್’ ಎಂದರೆ ಮತ್ತೆ ತುಂಬುವುದು. ಅಂಗಡಿಗೆ ಹೋಗಿ ಮೊಬೈಲ್ ಖಾತೆಗೆ ಹಣ ತುಂಬಿಸುವುದಕ್ಕೂ ಈ ಪದ ಬಂದದ್ದು ಬ್ಯಾಟರಿಯ ಹೋಲಿಕೆಯಿಂದ.

ಆಸ್ತಿಯ ಮೇಲಿನ ಹೊರೆ

ಇಲ್ಲಿಯವರೆಗೆ ಹೇಳಿದ್ದರಲ್ಲಿ ಅರ್ಥ ತಪ್ಪಿದರೆ ನಗುವೋ ಅಂಕವೋ ಹೋಗಬಹುದು, ಅಷ್ಟೇ. ಆದರೆ ಈ ಪದ ಕಾನೂನಿನ ಕಾಗದದಲ್ಲಿ ಬಂದಾಗ ಹಾಗಲ್ಲ.

ಮನೆ, ಜಾಗ ಕೊಳ್ಳುವಾಗ ಕ್ರಯಪತ್ರದಲ್ಲಿ ‘ಫ್ರೀ ಫ್ರಮ್ ಆಲ್ ಚಾರ್ಜಸ್ ಅಂಡ್ ಎನ್‌ಕಂಬ್ರೆನ್ಸಸ್’ ಎಂಬ ಒಂದು ಸಾಲು ಇರುತ್ತದೆ. ಓದಿದವರು ‘ಯಾವ ಶುಲ್ಕವೂ ಇಲ್ಲ’ ಎಂದು ತಿಳಿದು ಮುಂದೆ ಹೋಗುತ್ತಾರೆ. ಅದರ ನಿಜವಾದ ಅರ್ಥ, ಈ ಆಸ್ತಿಯ ಮೇಲೆ ಯಾವುದೇ ಸಾಲದ ಹೊರೆ ಇಲ್ಲ ಎಂದು. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 100ನೇ ಕಲಮು ‘ಚಾರ್ಜ್’ ಎಂದರೇನು ಎಂದು ಹೇಳುತ್ತದೆ. ಸರಳವಾಗಿ ಹೇಳುವುದಾದರೆ, ಅಡಮಾನವಾಗದಿದ್ದರೂ ಒಬ್ಬರ ಸ್ಥಿರಾಸ್ತಿಯು ಇನ್ನೊಬ್ಬರಿಗೆ ಸಲ್ಲಬೇಕಾದ ಹಣಕ್ಕೆ ಭದ್ರತೆಯಾಗಿ ನಿಂತಿದ್ದರೆ ಅದು ‘ಚಾರ್ಜ್’. ಇಲ್ಲಿ ಹೊರೆ ಹೊತ್ತಿರುವುದು ಮನುಷ್ಯನಲ್ಲ, ಮಣ್ಣು. ಮಾರಿದವನು ಊರು ಬಿಟ್ಟು ಹೋಗಬಹುದು, ಜಾಗ ಎಲ್ಲಿಗೂ ಹೋಗದು. ವಿಚಾರಿಸದೆ ಕೊಂಡವರಿಗೆ ಹಳೆಯ ಸಾಲದ ಕಾಟ ತಪ್ಪದು.

ಆದ್ದರಿಂದ ಮುಂಗಡ ಹಣ ಕೊಡುವ ಮೊದಲು ಉಪನೋಂದಣಿ ಕಚೇರಿಯ ಋಣಭಾರ ಪತ್ರ, ಅಂದರೆ ಜನರು ‘ಇಸಿ’ ಎನ್ನುವ ಕಾಗದವನ್ನು ತೆಗೆಸಿ ನೋಡಬೇಕು. ಕೃಷಿ ಜಮೀನಾದರೆ ಪಹಣಿಯಲ್ಲಿ ಋಣಗಳ ಕಾಲಂ ನೋಡಬೇಕು. ಋಣಭಾರ ಪತ್ರದಲ್ಲಿ ಕಾಣುವುದು ನೋಂದಣಿಯಾದ ವ್ಯವಹಾರಗಳು ಮಾತ್ರ ಎಂಬುದೂ ನೆನಪಿರಲಿ. ನೋಂದಣಿಯಾಗದ ಬಾಕಿಗಳನ್ನು ವಕೀಲರ ಮೂಲಕ ವಿಚಾರಿಸಿಕೊಳ್ಳಬೇಕಾಗುತ್ತದೆ.

ಮನುಷ್ಯನ ಮೇಲಿನ ಹೊರೆ

ಈಗ ಎಲ್ಲಕ್ಕಿಂತ ಭಾರವಾದ ಅರ್ಥಕ್ಕೆ ಬರೋಣ. ‘ಹಿ ವಾಸ್ ಚಾರ್ಜ್ಡ್ ವಿತ್ ಥೆಫ್ಟ್.’ ಇದನ್ನು ಅನೇಕರು ‘ಅವನು ಕಳ್ಳತನ ಮಾಡಿದ’ ಎಂದೇ ಓದುತ್ತಾರೆ. ವಾಕ್ಯ ಹೇಳುವುದು ಅಷ್ಟನ್ನಲ್ಲ. ‘ಅವನ ಮೇಲೆ ಕಳ್ಳತನದ ಆರೋಪ ಹೊರಿಸಲಾಯಿತು’ ಎಂದು ಮಾತ್ರ. ಹೊರೆ ಹೊರಿಸಿದವರು ಒಬ್ಬರು, ಹೊತ್ತವನು ಇನ್ನೊಬ್ಬ. ಆ ಮೂಟೆಯೊಳಗೆ ಸತ್ಯವಿದೆಯೇ, ಬರೀ ಗಾಳಿಯಿದೆಯೇ ಎಂದು ಇನ್ನೂ ಯಾರೂ ಬಿಚ್ಚಿ ನೋಡಿಲ್ಲ.

ಒಂದು ಪ್ರಕರಣ ಸಾಗುವ ದಾರಿಯನ್ನು ಹಂತ ಹಂತವಾಗಿ ನೋಡಿ. ಮೊದಲನೆಯದು ಎಫ್‌ಐಆರ್. ಅದು ಪೊಲೀಸರಿಗೆ ಬಂದ ಮೊದಲ ಮಾಹಿತಿ, ಅಷ್ಟೇ. ನಂತರ ತನಿಖೆ. ತನಿಖೆ ಮುಗಿದಾಗ ಪೊಲೀಸರು ನ್ಯಾಯಾಲಯಕ್ಕೆ ವರದಿ ಕೊಡುತ್ತಾರೆ. ಸಾಕ್ಷ್ಯ ಸಿಕ್ಕಿಲ್ಲ ಎಂದಾದರೆ ನಮ್ಮ ರಾಜ್ಯದಲ್ಲಿ ಅದಕ್ಕೆ ‘ಬಿ ರಿಪೋರ್ಟ್’ ಎನ್ನುತ್ತಾರೆ. ಸಿಕ್ಕಿದೆ ಎಂದಾದರೆ ಅದೇ ‘ಚಾರ್ಜ್‌ಶೀಟ್’, ದೋಷಾರೋಪ ಪಟ್ಟಿ. ಇದು ಪೊಲೀಸರ ಮಾತೇ ಹೊರತು ನ್ಯಾಯಾಲಯದ ಮಾತಲ್ಲ.

ಆರೋಪಿ ಬಂಧನದಲ್ಲಿದ್ದರೆ ಈ ಚಾರ್ಜ್‌ಶೀಟ್ ಸಲ್ಲಿಸಲು ಗಡುವಿದೆ. ಸಾಮಾನ್ಯ ಪ್ರಕರಣಗಳಲ್ಲಿ 60 ದಿನ. ಮರಣದಂಡನೆ, ಜೀವಾವಧಿ ಅಥವಾ ಹತ್ತು ವರ್ಷ ಮತ್ತು ಅದಕ್ಕಿಂತ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ 90 ದಿನ. ಆ ಅವಧಿಯಲ್ಲಿ ಸಲ್ಲಿಸದಿದ್ದರೆ, ಜಾಮೀನು ಕೇಳಿ ಷರತ್ತು ಪೂರೈಸುವ ಆರೋಪಿಗೆ ಅದನ್ನು ಪಡೆಯುವ ಹಕ್ಕು ಹುಟ್ಟುತ್ತದೆ. ಕೆಲವು ವಿಶೇಷ ಕಾನೂನುಗಳಲ್ಲಿ ಈ ಅವಧಿ ಇನ್ನೂ ದೀರ್ಘ. 2024ರ ಜುಲೈ 1ರಂದು ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಬದಲು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಜಾರಿಗೆ ಬಂದ ಮೇಲೂ ಈ ಗಡುವುಗಳು ಉಳಿದಿವೆ.

ಮುಂದಿನ ಹಂತ ‘ಫ್ರೇಮಿಂಗ್ ಆಫ್ ಚಾರ್ಜ್’. ಮೇಲ್ನೋಟಕ್ಕೆ ವಿಚಾರಣೆ ನಡೆಸುವಷ್ಟು ಆಧಾರವಿದೆ ಎಂದು ಕಂಡರೆ ನ್ಯಾಯಾಧೀಶರು ಆರೋಪವನ್ನು ನಿಗದಿ ಮಾಡುತ್ತಾರೆ. ಅದನ್ನು ಆರೋಪಿಗೆ ಓದಿ ಹೇಳಿ, ವಿವರಿಸಿ, ‘ತಪ್ಪು ಒಪ್ಪಿಕೊಳ್ಳುತ್ತೀರಾ, ವಿಚಾರಣೆ ಬೇಕೆನ್ನುತ್ತೀರಾ?’ ಎಂದು ಕೇಳುತ್ತಾರೆ. ಈ ಕ್ಷಣದಲ್ಲಿ ‘ಚಾರ್ಜ್’ ಎಂಬ ಪದದ ಅರ್ಥ ತಿಳಿಯದೆ, ಹೆದರಿಕೆಯಿಂದಲೋ ಬೇಗ ಮುಗಿಯಲಿ ಎಂದೋ ‘ಹೌದು’ ಎಂದು ತಲೆಯಾಡಿಸಿದರೆ, ಆ ಒಪ್ಪಿಗೆಯ ಮೇಲೆಯೇ ಶಿಕ್ಷೆಯಾಗಬಹುದು. ತಿಳಿಯದಿದ್ದರೆ ‘ತಿಳಿಯಲಿಲ್ಲ, ಇನ್ನೊಮ್ಮೆ ಹೇಳಿ’ ಎಂದು ಕೇಳಲು ಸಂಕೋಚಪಡಬಾರದು.

ಆರೋಪವನ್ನು ರುಜುವಾತು ಮಾಡುವ ಹೊಣೆ ಮುಖ್ಯವಾಗಿ ಅದನ್ನು ಹೊರಿಸಿದವರದ್ದು. ಇಂಗ್ಲಿಷಿನಲ್ಲಿ ಇದಕ್ಕೆ ‘ಬರ್ಡನ್ ಆಫ್ ಪ್ರೂಫ್’ ಎನ್ನುತ್ತಾರೆ. ನೋಡಿ, ಅಲ್ಲಿಯೂ ಹೊರೆ! ಒಬ್ಬನ ತಲೆಯ ಮೇಲೆ ಆರೋಪದ ಹೊರೆ ಇಟ್ಟವನು ತಾನೂ ಒಂದು ಹೊರೆ ಹೊರಬೇಕು. ಅದನ್ನು ಹೊರಲಾರದೆ ಹೋದರೆ ಆರೋಪ ಬಿದ್ದುಹೋಗುತ್ತದೆ.

ಕನ್ನಡದಲ್ಲಿ ನಮಗೆ ಇದಕ್ಕಾಗಿ ಎರಡು ಸ್ಪಷ್ಟವಾದ ಪದಗಳಿವೆ. ತೀರ್ಪು ಬರುವವರೆಗೆ ‘ಆರೋಪಿ’. ತಪ್ಪು ಸಾಬೀತಾದ ಮೇಲೆ ‘ಅಪರಾಧಿ’. ಎರಡು ಪದಗಳ ನಡುವೆ ಒಂದು ನ್ಯಾಯಾಲಯವಿದೆ, ವರ್ಷಗಟ್ಟಲೆ ವಿಚಾರಣೆಯಿದೆ. ಆದರೆ ಓಣಿಯ ನಾಲಿಗೆಗೆ ಅಷ್ಟು ತಾಳ್ಮೆ ಇರುವುದಿಲ್ಲ. ‘ಚಾರ್ಜ್‌ಶೀಟ್ ಹಾಕಿದ್ದಾರಂತೆ’ ಎಂಬ ಒಂದು ಸುದ್ದಿಗೆ ಹುಡುಗನ ತಂಗಿಗೆ ಬಂದ ಸಂಬಂಧ ಮುರಿಯುತ್ತದೆ, ತಂದೆಯ ಅಂಗಡಿಗೆ ಗಿರಾಕಿ ಬರುವುದಿಲ್ಲ, ತಾಯಿ ಮದುವೆ ಮನೆಗಳಿಗೆ ಹೋಗುವುದನ್ನು ಬಿಡುತ್ತಾಳೆ. ಹೊರೆ ಹೊರಿಸಿದ್ದು ಒಬ್ಬನ ಮೇಲೆ, ಹೊರುವುದು ಇಡೀ ಮನೆ. ವರ್ಷಗಳ ನಂತರ ಅವನು ಖುಲಾಸೆಯಾದರೆ ಆ ಸುದ್ದಿ ಒಳಪುಟದ ಮೂಲೆಯಲ್ಲಿ ನಾಲ್ಕು ಸಾಲಾಗಿ ಬರುತ್ತದೆ, ಅದನ್ನು ಓದುವವರೂ ಕಡಿಮೆ. ಒಂದು ಪದವನ್ನು ಸರಿಯಾಗಿ ಓದುವುದು ನೆರೆಮನೆಯವರಿಗೆ ನಾವು ಸಲ್ಲಿಸಬೇಕಾದ ನ್ಯಾಯವೂ ಹೌದು.

ಹೊರೆ ಇಳಿಸುವ ‘ಡಿಸ್‌ಚಾರ್ಜ್’

‘ಡಿಸ್’ ಎಂಬುದು ಮುಂದೆ ಸೇರಿದರೆ ಹೊರೆ ಇಳಿಯುತ್ತದೆ. ರೋಗಿಯನ್ನು ಆಸ್ಪತ್ರೆಯಿಂದ ಕಳುಹಿಸುವುದು ‘ಡಿಸ್‌ಚಾರ್ಜ್’. ಬ್ಯಾಟರಿ ಖಾಲಿಯಾಗುವುದು ‘ಡಿಸ್‌ಚಾರ್ಜ್’. ಸಾಲ ತೀರಿಸುವುದು ‘ಡಿಸ್‌ಚಾರ್ಜ್ ಆಫ್ ಡೆಟ್’. ಸೈನಿಕನನ್ನು ಸೇವೆಯಿಂದ ಬಿಡುಗಡೆ ಮಾಡುವುದೂ ಅದೇ. ಅಣೆಕಟ್ಟಿನಿಂದ ಬಿಡುವ ನೀರಿಗೂ ಇದೇ ಪದ. ಪತ್ರಿಕೆಗಳು ಅದನ್ನು ‘ಹೊರಹರಿವು’ ಎಂದು ಬರೆಯುತ್ತವೆ. ವಿಚಿತ್ರವೆಂದರೆ, ‘ಡಿಸ್‌ಚಾರ್ಜಿಂಗ್ ಡ್ಯೂಟೀಸ್’ ಎಂದರೆ ಕರ್ತವ್ಯವನ್ನು ಬಿಡುವುದಲ್ಲ, ನಿರ್ವಹಿಸುವುದು. ಹೊತ್ತ ಹೊಣೆಯನ್ನು ಗುರಿ ಮುಟ್ಟಿಸಿ ಇಳಿಸುವುದು ಎಂದು ತಿಳಿದರೆ ಗೊಂದಲವಿಲ್ಲ.

ತಾಯಂದಿರು ಒಂದನ್ನು ವಿಶೇಷವಾಗಿ ಗಮನಿಸಬೇಕು. ವೈದ್ಯರ ಚೀಟಿಯಲ್ಲಿ ‘ಇಯರ್ ಡಿಸ್‌ಚಾರ್ಜ್’ ಎಂದಿದ್ದರೆ ಮಗುವಿನ ಕಿವಿ ಸೋರುತ್ತಿದೆ ಎಂದರ್ಥ. ದೇಹದ ಗಾಯದಿಂದಾಗಲಿ ಅಂಗದಿಂದಾಗಲಿ ಹೊರಬರುವ ಕೀವು, ಸ್ರಾವಕ್ಕೂ ‘ಡಿಸ್‌ಚಾರ್ಜ್’ ಎನ್ನುತ್ತಾರೆ. ‘ಕಮ್ ಬ್ಯಾಕ್ ಇಫ್ ದೇರ್ ಈಸ್ ಎನಿ ಡಿಸ್‌ಚಾರ್ಜ್’ ಎಂದು ಶಸ್ತ್ರಚಿಕಿತ್ಸೆಯ ನಂತರ ಬರೆದು ಕೊಟ್ಟರೆ, ಗಾಯದಿಂದ ಏನಾದರೂ ಸೋರಿದರೆ ಕೂಡಲೇ ಬನ್ನಿ ಎಂಬ ಎಚ್ಚರಿಕೆ ಅದು. ಆಸ್ಪತ್ರೆಯಿಂದ ಬರುವಾಗ ಕೊಡುವ ‘ಡಿಸ್‌ಚಾರ್ಜ್ ಸಮರಿ’ ಎಂಬ ಕಾಗದವನ್ನು ಬಿಲ್ಲಿನೊಂದಿಗೆ ಬಿಸಾಡಬೇಡಿ. ರೋಗ, ಚಿಕಿತ್ಸೆ, ಮುಂದಿನ ಔಷಧಿ ಎಲ್ಲವೂ ಅದರಲ್ಲಿರುತ್ತದೆ.

ನ್ಯಾಯಾಲಯದಲ್ಲಿಯೂ ‘ಡಿಸ್‌ಚಾರ್ಜ್’ ಇದೆ. ಆರೋಪ ನಿಗದಿ ಮಾಡುವಷ್ಟು ಆಧಾರವೇ ಇಲ್ಲ ಎಂದು ಕಂಡಾಗ ವಿಚಾರಣೆಗೆ ಮೊದಲೇ ಬಿಡುವುದು ‘ಡಿಸ್‌ಚಾರ್ಜ್’. ಪೂರ್ತಿ ವಿಚಾರಣೆ ನಡೆದು ತಪ್ಪು ಸಾಬೀತಾಗದೆ ಬಿಡುವುದು ‘ಅಕ್ವಿಟಲ್’, ಖುಲಾಸೆ. ಜಾಮೀನು ಇವೆರಡೂ ಅಲ್ಲ. ಅದು ಪ್ರಕರಣ ನಡೆಯುತ್ತಿರುವಾಗಲೇ ಸಿಗುವ ತಾತ್ಕಾಲಿಕ ಬಿಡುಗಡೆ.

ಜೊತೆಗಾರರನ್ನು ನೋಡಿ

ಕೊನೆಯದಾಗಿ ಒಂದು ಸುಲಭ ಉಪಾಯ. ಮನುಷ್ಯನನ್ನು ಅವನ ಗೆಳೆಯರಿಂದ ಗುರುತಿಸುವಂತೆ ಪದವನ್ನು ಅದರ ಪಕ್ಕದಲ್ಲಿರುವ ಸಣ್ಣ ಪದಗಳಿಂದ ಗುರುತಿಸಬಹುದು. ‘ಚಾರ್ಜ್’ ನಂತರ ‘ವಿತ್’ ಬಂದರೆ ಹೆಚ್ಚಾಗಿ ಆರೋಪ. ‘ಫಾರ್’ ಬಂದರೆ ಹಣ. ‘ಅಟ್’ ಬಂದರೆ ನುಗ್ಗುವುದು. ‘ಆನ್’ ಬಂದು ಆಸ್ತಿಯ ಹೆಸರಿದ್ದರೆ ಸಾಲದ ಹೊರೆ. ಮುಂದೆ ‘ಇನ್’, ಹಿಂದೆ ‘ಆಫ್’ ಇದ್ದರೆ ಹೊಣೆ. ಮಕ್ಕಳಿಗೆ ಪದದ ಅರ್ಥವನ್ನು ಒಂಟಿಯಾಗಿ ಬರೆಸಬೇಡಿ. ಜೊತೆಗಾರ ಪದದೊಂದಿಗೆ ಒಂದು ಪೂರ್ತಿ ವಾಕ್ಯ ಬರೆಸಿ.

ಮನೆಯಲ್ಲಿ ಅಭ್ಯಾಸಕ್ಕೆ

ಕೆಳಗಿನ ವಾಕ್ಯಗಳ ಅರ್ಥವನ್ನು ಮಕ್ಕಳಿಂದ ಹೇಳಿಸಿ. ಹೊರೆ ಯಾವುದು, ಹೊರಿಸಿದವರು ಯಾರು, ಹೊತ್ತವರು ಯಾರು ಎಂದು ಕೇಳುತ್ತ ಹೋಗಿ.

1. ದ ಬುಲ್ ಚಾರ್ಜ್ಡ್ ಅಟ್ ದ ಬಾಯ್.
2. ಡೆಲಿವರಿ ಈಸ್ ಫ್ರೀ ಆಫ್ ಚಾರ್ಜ್.
3. ಶಿ ಟುಕ್ ಚಾರ್ಜ್ ಆಫ್ ದ ಆಫೀಸ್ ಆನ್ ಮಂಡೇ.
4. ಹಿ ಲೆಫ್ಟ್ ಹಿಸ್ ಸಿಸ್ಟರ್ ಇನ್ ದ ಚಾರ್ಜ್ ಆಫ್ ಹಿಸ್ ಆಂಟ್.
5. ದ ಬ್ಯಾಂಕ್ ಹ್ಯಾಸ್ ಎ ಚಾರ್ಜ್ ಆನ್ ದ ಹೌಸ್.
6. ಹಿ ವಾಸ್ ಚಾರ್ಜ್ಡ್ ವಿತ್ ಚೀಟಿಂಗ್, ಬಟ್ ದ ಕೋರ್ಟ್ ಡಿಸ್‌ಚಾರ್ಜ್ಡ್ ಹಿಮ್.

ಉತ್ತರಗಳು: 1. ಗೂಳಿ ಹುಡುಗನತ್ತ ನುಗ್ಗಿತು. 2. ಮನೆಗೆ ತಲುಪಿಸಲು ಹಣ ಕೊಡಬೇಕಾಗಿಲ್ಲ. 3. ಅವರು ಸೋಮವಾರ ಕಚೇರಿಯ ಹೊಣೆ ವಹಿಸಿಕೊಂಡರು. 4. ಅವನು ತಂಗಿಯನ್ನು ಅತ್ತೆಯ ಸುಪರ್ದಿಗೆ ಬಿಟ್ಟು ಹೋದ. ‘ಆಂಟ್’ ಎಂದರೆ ಚಿಕ್ಕಮ್ಮನೂ ಆಗಬಹುದು. 5. ಆ ಮನೆಯ ಮೇಲೆ ಬ್ಯಾಂಕಿನ ಸಾಲದ ಹೊರೆ ಇದೆ. 6. ಅವನ ಮೇಲೆ ವಂಚನೆಯ ಆರೋಪ ಹೊರಿಸಲಾಗಿತ್ತು, ಆದರೆ ನ್ಯಾಯಾಲಯ ಅವನನ್ನು ಆರೋಪದಿಂದ ಬಿಡುಗಡೆ ಮಾಡಿತು.

ಆರನೆಯ ವಾಕ್ಯವನ್ನು ಮಗು ‘ಅವನು ಮೋಸ ಮಾಡಿದ, ಆದರೂ ಬಿಟ್ಟುಬಿಟ್ಟರು’ ಎಂದು ಹೇಳಿದರೆ ಗದರಿಸಬೇಡಿ. ಹತ್ತಿರ ಕೂರಿಸಿಕೊಂಡು ಎರಡನೆಯ ಬಾರಿ ಓದಿಸಿ. ದೊಡ್ಡವರಲ್ಲಿಯೂ ಆ ವಾಕ್ಯವನ್ನು ಹಾಗೆಯೇ ಓದುವವರು ಬಹಳ ಮಂದಿ ಇದ್ದಾರೆ.